ಬಂದ್ ಮಾಡಬಾರದ ಎಂಜಿನ್

ಅಣ್ಣ ದೊಡ್ಡೀರಪ್ಪ ಬಂಡೆಗಳ ಸಂದಿಗೆ ಬಿದ್ದಿದ್ದಾನೆ ಎಂಬ ಸುದ್ದಿ ಬಂದಾಗ ಚಿನ್ನಯ್ಯ ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲಿನ ಮುಂದೆ ಸಾವ್ಕಾರರ ಗಾಡಿ ಒರೆಸುತ್ತಿದ್ದ. ಫೋನಿನಲ್ಲಿ ಅಣ್ಣನ ಜೊತೆಗಾರ ಚಿಕ್ಕೀರಪ್ಪನ ದನಿ ತುಂಡು ತುಂಡಾಗಿ ಬರುತ್ತಿತ್ತು.

"ಕರ ಹಿಡಿಯಾಕೆ ಹೋಗಿ ಬಿದ್ದವ್ನೆ ಕಣಪ್ಪ. ತೊಡೆ ಮುರ್ದೈತೆ. ಎತ್ತಾಕೆ ನನ್ನೊಬ್ಬನ ಕೈಲಿ ಆಗ್ತಿಲ್ಲ. ಜಲ್ದಿ ಬಾ."

ದೊಡ್ಡೀರಪ್ಪ, ಚಿಕ್ಕೀರಪ್ಪ ಇಬ್ಬರೂ ಕಿಲಾರಿಗಳು. ಹಟ್ಟಿಯ ದೇವರ ಎತ್ತುಗಳನ್ನು ಕಾಯುವುದೇ ಅವರ ಬದುಕು. ನೊಗ ಕಾಣದ, ಸಂತೆ ಕಾಣದ, ಸತ್ತರೆ ಪೂಜೆ ಮಾಡಿ ಹೂಳುವ ದನಗಳು ಅವು. ಮೊದಲೆಲ್ಲ ಉಳ್ಳಾರ್ತಿ ಕಾವಲಿನಲ್ಲೇ ಮೇಯುತ್ತಿದ್ದವು. ಅಲ್ಲಿ ಒಂದೊಂದೇ ಗೋಡೆ, ಬೇಲಿ ಎದ್ದ ಮೇಲೆ ಬೇಸಗೆ ಹೊತ್ತಿಗೆ ಮೊಳಕಾಲ್ಮುರಿನ ಆಚೆ, ಆಂಧ್ರದ ಗಡಿಗೆ ಅಂಟಿದ ಕಲ್ಲುಗುಡ್ಡಗಳ ಕಡೆ ಹೋಗತೊಡಗಿದವು. ಅಲ್ಲಿ ಹುಲ್ಲಿದೆ, ಹಳ್ಳದಲ್ಲಿ ಒಂದಿಷ್ಟು ನೀರಿದೆ. ರಸ್ತೆ ಇಲ್ಲ.

ಆಂಬ್ಯುಲೆನ್ಸಿಗೆ ಫೋನ್ ಮಾಡಿದ್ದಾಯಿತು. ಟಾರ್ ರಸ್ತೆ ಮುಗಿಯುವ ತನಕ ಬಂದು ಕಾಯುತ್ತೇವೆ, ಆಚೆಗೆ ನಮ್ಮ ಗಾಡಿ ಇಳಿಯುವುದಿಲ್ಲ ಎಂದರು. ಅವರು ಹೇಳಿದ್ದು ಸುಳ್ಳೂ ಅಲ್ಲ. ಗುಡ್ಡದ ಬುಡದಿಂದ ಟಾರಿನವರೆಗೆ ದೊಡ್ಡೀರಪ್ಪನನ್ನು ಯಾರಾದರೂ ತಂದು ಮುಟ್ಟಿಸಬೇಕಿತ್ತು. ಅಷ್ಟು ಮಾಡಿದರೆ ಬದುಕಿದ, ಇಲ್ಲದಿದ್ದರೆ ಇಲ್ಲ.

ಮಿಲ್ಲಿನ ಯಜಮಾನ ಚಂದ್ರಶೇಖರ್ ಹೊರಗೆ ಬಂದು ಚಿನ್ನಯ್ಯನ ಮುಖ ನೋಡಿದರು, ವಿಷಯ ಕೇಳಿದರು, ಚಪ್ಪಲಿ ಬಿಟ್ಟು ಶೂ ಹಾಕಿಕೊಂಡರು.

"ನಮ್ ಗಾಡಿ ಯಾತಕ್ಕೈತೆ? ಹಗ್ಗ ಹಾಕ್ಕಳ್ಳಲೇ, ನಾನೂ ಬರ್ತೀನಿ."

"ಸಾವ್ಕಾರ್ರೇ, ಗಾಡಿದು ತೊಂದ್ರೆ ಐತಲ್ಲ..."

"ಐತೆ. ಇವತ್ತೊಂದಿನ ಅದರ ಹಣೇಲಿ ಒಳ್ಳೇದು ಬರ್ದಿರ್ಲಿ."

ಆ ಡೀಸೆಲ್ ಗಾಡಿ ಎತ್ತರದ್ದು, ನಾಲ್ಕೂ ಚಕ್ರ ಎಳೆಯುವಂಥದ್ದು. ಕೊಂಡ ಹೊಸತರಲ್ಲಿ ಚಳ್ಳಕೆರೆಯ ಪೇಟೆಯಲ್ಲಿ ಊರಿಗೊಬ್ಬಳೇ ಪದ್ಮಾವತಿ ಎಂಬಂತೆ ಮೆರೆಯಿತು. ಆಮೇಲೆ ಶುರುವಾಯಿತು ಅದರ ರೋಗ. ಡ್ಯಾಶ್‌ಬೋರ್ಡಿನಲ್ಲಿ ಕಿತ್ತಳೆ ದೀಪ ಹತ್ತುವುದು, ಸೈಲೆನ್ಸರ್ ಸುಟ್ಟ ವಾಸನೆ ಬರುವುದು, ಏರು ಬಂದಾಗ ಎಂಜಿನ್ ಏದುಸಿರು ಬಿಡುವುದು. ಸರ್ವಿಸ್ ಸೆಂಟರಿನವರು ಲ್ಯಾಪ್‌ಟಾಪ್ ಚುಚ್ಚಿ ದೀಪ ಆರಿಸಿ ಕಳಿಸುವರು. ವಾರ ಕಳೆಯುವುದರೊಳಗೆ ದೀಪ ಮತ್ತೆ ಹತ್ತುವುದು. ಚಂದ್ರಶೇಖರ್ ಅದೇ ಗಾಡಿ ಕೊಂಡವರ ವಾಟ್ಸಾಪ್ ಗುಂಪಿಗೆ ಸೇರಿಕೊಂಡರು. ಗುಂಪಿನ ಹೆಸರು 'ನಮ್ಮ ಗಾಡಿ ನಮ್ಮ ಗೋಳು'. ಹುಬ್ಬಳ್ಳಿಯವನ ಗಾಡಿ ಘಾಟಿಯಲ್ಲಿ ನಿಂತಿತ್ತು. ದಾವಣಗೆರೆಯವನದು ಬಿಳಿ ಹೊಗೆ ಕಾರುತ್ತಿತ್ತು. ಬಳ್ಳಾರಿಯ ಶಾಂತವೀರಪ್ಪನವರ ಗಾಡಿಯಲ್ಲಿ ಯಾರೂ ಹಾಕದ ಆಯಿಲ್ ತಾನಾಗಿ ಹೆಚ್ಚುತ್ತಿತ್ತು. "ಹೈವೇನಲ್ಲಿ ಒಂದೇ ಸಮ ಓಡಿಸಿ ಸರ್, ಸರಿಹೋಗುತ್ತೆ" ಎಂಬುದು ಕಂಪನಿಯವರ ಒಂದೇ ಮಂತ್ರ. "ಗಾಡಿ ತಗಂಡಿರೋದು ನಮ್ಮ ಕೆಲಸಕ್ಕೋ, ಅದಕ್ಕೆ ವಾಕಿಂಗ್ ಮಾಡಿಸೋದಕ್ಕೋ?" ಎಂದು ಚಂದ್ರಶೇಖರ್ ಬೈದರೇ ಹೊರತು ಆ ಮಾತಿನ ಅರ್ಥವೇನು ಎಂದು ಕೇಳಲಿಲ್ಲ. ಕಂಪನಿಯವರೂ ಬಿಡಿಸಿ ಹೇಳಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಬೆಳಗಿನ ಬಿಸಿಲು ಏರುವ ಮುಂಚೆ ಹೊರಟರು. ಊರು ದಾಟುತ್ತಲೇ ಕಿತ್ತಳೆ ದೀಪ ಹತ್ತಿತು.

ರಸ್ತೆ ಬದಿಯ ಆಂಜನೇಯನ ಗುಡಿ ಬಂತು. ಚಿನ್ನಯ್ಯ ಗಾಡಿ ನಿಲ್ಲಿಸಿ ಕೀಲಿ ತಿರುಗಿಸಿದ, ಇಳಿದು ಚಪ್ಪಲಿ ಬಿಟ್ಟು ಕೈಮುಗಿದ. ಇದು ಇವತ್ತಿನದಲ್ಲ. ದೇವರ ಎತ್ತುಗಳ ಹಟ್ಟಿಯಲ್ಲಿ ಹುಟ್ಟಿದವನು ಅವನು. ದೇವರ ಮುಂದೆ, ದೇವರ ದನದ ಮುಂದೆ ಎಂಜಿನ್ ಗುರುಗುಡಬಾರದು. ಹೊಸ ಗಾಡಿಯ ಪೂಜೆಯ ದಿನ ಚಂದ್ರಶೇಖರರ ತಾಯಿ ತಿಪ್ಪೇರುದ್ರಮ್ಮನೂ ಅದನ್ನೇ ಹೇಳಿದ್ದರು. ಅಂದಿನಿಂದ ಯಾವ ಗುಡಿ ಎದುರಾದರೂ ಎಂಜಿನ್ ಬಂದ್. ಗೌರಸಮುದ್ರದ ದಾರಿ ಕವಲೊಡೆಯುವಲ್ಲಿ ಮಾರಮ್ಮನ ದಿಕ್ಕಿಗೆ ತಿರುಗಿ ಮತ್ತೆ ನಿಲ್ಲಿಸಿದ. ಈ ಸಲ ಕೈಮುಗಿದವನು ಬೇಗ ಕೈ ಇಳಿಸಲಿಲ್ಲ. ಒಳಗೆ ಕೂತ ಚಂದ್ರಶೇಖರರೂ ಕಣ್ಣು ಮುಚ್ಚಿದರು. ಅಣ್ಣನ ಪ್ರಾಣ ಬೇಡಿಕೊಳ್ಳಲು ಹೊರಟವನು ದೇವರನ್ನು ದಾಟಿ ಹೋಗುತ್ತಾನೆಯೇ?

ಮೊಳಕಾಲ್ಮುರಿನಲ್ಲಿ ನರ್ಸ್ ತೇಜಶ್ರೀ ಹತ್ತಿದಳು. ಗಡಿ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕೆಲಸ. ಕಾಲಿಗೆ ಕಟ್ಟುವ ಹಲಗೆ, ಬ್ಯಾಂಡೇಜು, ಡ್ರಿಪ್ಪಿನ ಬಾಟಲಿ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಂಡು, ಆಂಬ್ಯುಲೆನ್ಸಿನವರು ತಿಳಿಸಿದ್ದರಿಂದ ರಸ್ತೆಗೇ ಬಂದು ನಿಂತಿದ್ದಳು.

"ತೊಡೆ ಮೂಳೆ ಮುರಿದ್ರೆ ರಕ್ತ ಒಳಗೇ ಸುರಿಯುತ್ತೆ, ಹೊರಗೆ ಕಾಣಲ್ಲ" ಎಂದಳು. "ಎಷ್ಟು ತಡ ಆಗುತ್ತೋ ಅಷ್ಟು ಕಷ್ಟ. ಎಲ್ಲೂ ನಿಲ್ಲಿಸ್ಬೇಡಿ ಅಣ್ಣಾ."

ಚಿನ್ನಯ್ಯ ತಲೆಯಾಡಿಸಿದ. ಊರ ಹೊರಗಿನ ಗುಡಿಯ ಮುಂದೆ ಮಾತ್ರ ನಿಲ್ಲಿಸಿದ.

ಟಾರ್ ಮುಗಿದಲ್ಲಿ ಆಂಬ್ಯುಲೆನ್ಸ್ ಹೇಳಿದ ಮಾತಿನಂತೆ ನಿಂತಿತ್ತು. ಅಲ್ಲಿಂದಾಚೆ ಕಾವಲು. ಮೊಣಕಾಲೆತ್ತರದ ಹುಲ್ಲು ಒಣಗಿ ಹಳದಿಯೂ ಅಲ್ಲದ, ಬಿಳಿಯೂ ಅಲ್ಲದ ಬಣ್ಣಕ್ಕೆ ತಿರುಗಿತ್ತು. ನಡುನಡುವೆ ತಂಗಡಿ ಗಿಡ, ಬಂದರಿಕೆ ಗಿಡ, ಕಪ್ಪು ಕಲ್ಲುಗಳ ಗುಂಪು. ದೂರದ ದಿಬ್ಬದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಆಕಾಶದಲ್ಲಿ ಮೋಡವಿಲ್ಲ, ನೀಲಿಯೂ ಇಲ್ಲ, ಬರೀ ಧೂಳು. ಒಂದು ಹಕ್ಕಿಯ ಕೂಗಿಲ್ಲದ ಆ ಬಯಲನ್ನು ನೋಡಿದರೆ ಎಂಥವನಿಗೂ ಮನಸ್ಸು ಕುಗ್ಗುತ್ತದೆ. ಆದರೆ ದನಗಳಿಗೆ ಮುಂಗಾರಿನವರೆಗಿನ ಊಟವೆಲ್ಲ ಅಲ್ಲೇ ನಿಂತಿತ್ತು.

ಗಾಡಿ ಹಳ್ಳಕ್ಕಿಳಿಯಿತು. ಮರಳಿನಲ್ಲಿ ಚಕ್ರ ಹೂತವು. ಚಂದ್ರಶೇಖರ್ ಇಳಿದು ಸೊಪ್ಪು ಮುರಿದು ಚಕ್ರದಡಿ ಹಾಕಿ ದೂಡಿದರು. ತೇಜಶ್ರೀಯೂ ಭುಜ ಕೊಟ್ಟಳು.

"ಈಗ! ಒತ್ತಲೇ!"

ಗಾಡಿ ಹಾರಿ ದಡ ಹತ್ತಿತು. ಹತ್ತಿದ ಮರುಕ್ಷಣ ಎಚ್ಚರಿಕೆಯ ಗಂಟೆ ಬಾರಿಸಿತು. ದೀಪ ಮಿನುಗತೊಡಗಿತು. ಚಿನ್ನಯ್ಯ ಎಷ್ಟು ಒತ್ತಿದರೂ ವೇಗ ಏರಲಿಲ್ಲ. ಮುದಿ ಎಮ್ಮೆಯ ನಡಿಗೆಯಲ್ಲಿ ಗಾಡಿ ಗುಡ್ಡದ ಬುಡ ಸೇರಿ, ಬೋಳು ಬಂಡೆಯ ಮೇಲೆ ನಿಂತಿತು.

"ಬರೋದೇನೋ ಬಂತು" ಎಂದರು ಚಂದ್ರಶೇಖರ್.

ಗುಡ್ಡವೆಂದರೆ ಒಂದರ ಮೇಲೊಂದು ಪೇರಿಸಿದ ಬಂಡೆಗಳು. ಕೈ ಊರಿದಲ್ಲಿ ಬಿಸಿ, ಕಾಲಿಟ್ಟಲ್ಲಿ ಜಾರು. ಚಿನ್ನಯ್ಯ ಹಗ್ಗ ಹೆಗಲಿಗೆ ಹಾಕಿಕೊಂಡು ಮುಂದೆ ಹತ್ತಿದ. ಮೇಲಿಂದ ಚಿಕ್ಕೀರಪ್ಪ ಕೈಬೀಸುತ್ತಿದ್ದ. ದನಗಳನ್ನು ಕೆಳಗೆ ಹಳ್ಳದ ಪಕ್ಕ ಬಿಟ್ಟು ಬೆಳಗಿನಿಂದ ಅವನು ಆ ಸಂದಿಯ ಬಾಯಲ್ಲೇ ಕೂತಿದ್ದ. ಬಿದ್ದ ಕರ ಹೇಗೋ ಮೇಲೆ ಬಂದು ತಾಯಿ ಸೇರಿತ್ತು. ಹಿಡಿಯಲು ಹೋದ ಮನುಷ್ಯ ಒಳಗುಳಿದಿದ್ದ.

"ಮೆಲ್ಲಗಾ ರಾ" ಎಂದ ಚಿಕ್ಕೀರಪ್ಪ. ಗಾಬರಿಯಾದರೆ ಅವನ ಬಾಯಲ್ಲಿ ತೆಲುಗೇ ಬರುತ್ತಿತ್ತು. "ಕರಡಿ ವಾಸನೆ ಐತೆ ಒಳಗೆ. ಈಗಿಲ್ಲ ಅನ್ಸುತ್ತೆ."

ಸಂದಿ ಕಿರಿದು, ಆಳ ಎರಡಾಳು. ಚಿನ್ನಯ್ಯ ಹಗ್ಗ ಹಿಡಿದು ಜಾರಿದ. ಕತ್ತಲಿಗೆ ಕಣ್ಣು ಹೊಂದಿಕೊಂಡಾಗ ಅಣ್ಣನ ಮುಖ ಕಂಡಿತು. ಬೂದಿ ಬಳಿದಂತೆ ಬೆಳ್ಳಗಾಗಿತ್ತು. ಎಡಗಾಲು ತಿರುಗಬಾರದ ಕಡೆಗೆ ತಿರುಗಿತ್ತು.

"ಅಣ್ಣಾ, ನಾನು ಚಿನ್ನಯ್ಯ."

"ನೀರು" ಎಂದ ದೊಡ್ಡೀರಪ್ಪ.

"ಕುಡಿಸ್ಬೇಡಿ, ತುಟಿ ಒದ್ದೆ ಮಾಡಿ ಸಾಕು. ನಾನೂ ಇಳೀತೀನಿ" ಎಂದು ಮೇಲಿಂದ ಕೂಗಿದಳು ತೇಜಶ್ರೀ. "ಕಾಲು ಕಟ್ಟದೆ ಎತ್ತಿದ್ರೆ ಜೀವ ಹೋಗುತ್ತೆ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವಳು ಇಳಿದಳು. ಇಬ್ಬರೇ ನಿಲ್ಲಬಹುದಾದ ಜಾಗದಲ್ಲಿ ಮೂವರಾದರು. ಚಿನ್ನಯ್ಯ ಕಾಲನ್ನು ಎಳೆದು ಹಿಡಿದ, ಅವಳು ಹಲಗೆ ಕಟ್ಟಿದಳು. ದೊಡ್ಡೀರಪ್ಪ ಕೂಗಿದ ಕೂಗಿಗೆ ಮೇಲಿದ್ದ ಚಂದ್ರಶೇಖರ್ ಕಿವಿ ಮುಚ್ಚಿಕೊಂಡರು. ಆಮೇಲೆ ಕಂಬಳಿ ಇಳಿಬಿಟ್ಟು, ಅದರಲ್ಲಿ ಅವನನ್ನು ಬಿಗಿದು, ಹಗ್ಗ ಕಟ್ಟಿದರು.

"ಎಳೀರಿ!"

"ಬಂಡೆಗೆ ತಗಲುತ್ತೆ, ಎಡಕ್ಕೆ!"

"ಹಿಡ್ಕ, ಹಿಡ್ಕ! ಬಂತು!"

ದೊಡ್ಡೀರಪ್ಪ ಬಿಸಿಲಿಗೆ ಬಂದ. ಹಿಂದೆಯೇ ತೇಜಶ್ರೀ, ಚಿನ್ನಯ್ಯ ಹಗ್ಗ ಹಿಡಿದು ಮೇಲೇರಿದರು. ಚಿನ್ನಯ್ಯನ ಅಂಗೈ ಚರ್ಮ ಹಗ್ಗದಲ್ಲೇ ಉಳಿಯಿತು.

ತೇಜಶ್ರೀ ಡ್ರಿಪ್ ಹಾಕುವಷ್ಟರಲ್ಲಿ ಚಂದ್ರಶೇಖರ್ ಬಂಡೆಯ ನೆತ್ತಿಗೆ ಹತ್ತಿದರು. ಆ ಸೀಮೆಗೆಲ್ಲ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. ಬೆಳಿಗ್ಗೆ ಚಿಕ್ಕೀರಪ್ಪ ಫೋನ್ ಮಾಡಿದ್ದೂ ಅಲ್ಲಿಂದಲೇ. ಗುಂಪಿಗೆ ಹಾಕಿದರು: 'ದೀಪ ಮಿನುಗ್ತಾ ಐತೆ, ಪವರ್ ಇಲ್ಲ, ಪೇಷೆಂಟ್ ಅವ್ರೆ, ಏನ್ ಮಾಡ್ಲಿ?' ಬಳ್ಳಾರಿಯ ಶಾಂತವೀರಪ್ಪನವರೇ ಫೋನ್ ಮಾಡಿದರು. ಮೂರು ಸಲ ಸರ್ವಿಸ್ ಸೆಂಟರಿನಲ್ಲಿ ದಿನವಿಡೀ ಕೂತು ಜಗಳವಾಡಿ ಕಲಿತ ಪಾಠವನ್ನು ಗಡಿಬಿಡಿಯಲ್ಲಿ ಹೇಳಿದರು.

ಚಂದ್ರಶೇಖರ್ ಕೆಳಗಿಳಿದು ಬಂದಾಗ ಅವರ ಮುಖದಲ್ಲಿ ಸಿಟ್ಟಿಗಿಂತ ಸೋಲು ಹೆಚ್ಚಿತ್ತು.

"ಲೇ ಚಿನ್ನಯ್ಯ, ಬೆಳಿಗ್ಗೆಯಿಂದ ಎಷ್ಟು ಕಡೆ ಎಂಜಿನ್ ಬಂದ್ ಮಾಡ್ದೆ?"

"ದೇವರಿದ್ದ ಕಡೆ ಎಲ್ಲಾ ಮಾಡೀನಿ. ದಿನಾನೂ ಅಷ್ಟೇ ಅಲ್ವಾ ಸಾವ್ಕಾರ್ರೇ?"

"ಅದೇ ಆಗಿರೋದು. ಸೈಲೆನ್ಸರಿನಾಗೆ ಒಂದು ಜಾಲರಿ ಐತಂತೆ, ಹೊಗೆ ಮಸಿ ಹಿಡಿಯಾಕೆ. ಅದು ತುಂಬಿದ್ರೆ ದೀಪ ಹತ್ತುತ್ತೆ. ಆವಾಗ ಗಾಡಿನೇ ಒಂದಿಷ್ಟು ಡೀಸೆಲ್ ಸುರ್ಕಂಡು ಆ ಮಸಿ ಸುಡುತ್ತೆ. ಸುಡೋ ತನಕ ಓಡ್ತಾನೇ ಇರ್ಬೇಕು. ನಡುವೆ ಬಂದ್ ಮಾಡಿದ್ರೆ ಮಸಿ ಅಲ್ಲೇ, ಡೀಸೆಲ್ ಹೋಗಿ ಆಯಿಲಿಗೆ."

ದಿನವೂ ಭಕ್ತಿಯಿಂದ ತಾನೇ ಗಾಡಿಯ ಕುತ್ತಿಗೆ ಹಿಚುಕಿದ್ದೇನೆ ಎಂದು ಚಿನ್ನಯ್ಯನಿಗೆ ನಿಧಾನವಾಗಿ ಹೊಳೆಯಿತು.

"ನಿಂದೊಬ್ಬಂದೇ ತಪ್ಪಲ್ಲ ಬಿಡು" ಎಂದರು ಚಂದ್ರಶೇಖರ್. "ಅವರು ಹೇಳಿದ್ದು ನಾನು ಕೇಳ್ಲಿಲ್ಲ, ನಾನು ಕೇಳೋ ಹಂಗೆ ಅವರು ಹೇಳ್ಲಿಲ್ಲ. ಈಗ ಇನ್ನೊಂದ್ಸಲ ಸುಡಾಕೆ ನೋಡ್ಬಹುದಂತೆ. ಈ ಸಲ ಬಂದ್ ಮಾಡಿದ್ರೆ ಮತ್ತೆ ಏಳಲ್ಲ. ಸಣ್ಣ ಗೇರಿನಾಗೆ ಎಂಜಿನ್ ಕೂಗಿಸ್ಕಂಡು ಹೋಗ್ಬೇಕು. ಆಮೇಲೆ, ಹುಲ್ಲಿನ ಮೇಲೆ ನಿಲ್ಲಿಸ್ಬಾರ್ದು. ಪೈಪು ಕೆಂಡ ಆಗಿರುತ್ತಂತೆ."

ಕಂಬಳಿಯ ಜೋಲಿಯಲ್ಲಿ ದೊಡ್ಡೀರಪ್ಪನನ್ನು ಹೊತ್ತು ಇಳಿದರು. ನಾಲ್ವರು ಹಿಡಿದರೂ ಆ ಇಳಿಜಾರಿನಲ್ಲಿ ಒಂದು ಹೆಜ್ಜೆ ತಪ್ಪಿದರೆ ಐವರೂ ಉರುಳುತ್ತಿದ್ದರು. ಗಾಡಿಯ ಹಿಂದಿನ ಸೀಟಿನಲ್ಲಿ ಮಲಗಿಸಿದರು. ತೇಜಶ್ರೀ ಅವನ ತಲೆಯ ಬಳಿ ಕುಕ್ಕರಿಸಿ ಬಾಟಲಿ ಎತ್ತಿ ಹಿಡಿದಳು. ಚಿಕ್ಕೀರಪ್ಪ ದನಗಳನ್ನು ಹುಡುಕಿಕೊಂಡು ನಡೆದೇ ಹೊರಟ.

ಎಂಜಿನ್ ಕೆಮ್ಮಿತು, ನಿಂತಿತು. ಮತ್ತೆ ಕೆಮ್ಮಿತು, ಹಿಡಿದುಕೊಂಡಿತು. ಬಿಳಿ ಹೊಗೆ ಬಂಡೆಯ ಮೇಲೆಲ್ಲ ಹರಡಿತು. ಚಿನ್ನಯ್ಯ ಸಣ್ಣ ಗೇರಿಗೆ ಹಾಕಿ ಕಾಲೊತ್ತಿದ. ಗಾಡಿ ಅರಚುತ್ತ ಹೊರಟಿತು. ಸುಟ್ಟ ಡೀಸೆಲಿನ ವಾಸನೆ ಒಳಗೆಲ್ಲ ತುಂಬಿತು. ಕಾಲಡಿಯ ತಗಡು ಬಿಸಿಯಾಯಿತು.

ಹಳ್ಳ ದಾಟಿತು. ಈ ಸಲ ಚಕ್ರ ಹೂತುಕೊಳ್ಳಲಿಲ್ಲ.

"ನಾಡಿ ಇಳೀತಿದೆ" ಎಂದಳು ತೇಜಶ್ರೀ. "ಎಷ್ಟು ದೂರ?"

"ಇನ್ನರ್ಧ."

ಹಳ್ಳದಾಚೆ ದಾರಿ ಎರಡು ದಿಬ್ಬಗಳ ನಡುವೆ ಕಿರಿದಾಗುತ್ತದೆ. ಅಲ್ಲಿ ತಿರುವು ತಿರುಗಿದ ಚಿನ್ನಯ್ಯನ ಕಾಲು ತಾನಾಗಿ ಬ್ರೇಕ್ ಒತ್ತಿತು.

ದೇವರ ಎತ್ತುಗಳು.

ಕಾಯುವವರಿಲ್ಲದೆ ಬೆಳಗಿನಿಂದ ಅಲೆದ ಹಿಂಡು ದಾರಿ ತುಂಬ ನಿಂತಿತ್ತು. ಒಂದೆರಡು ಮಲಗಿದ್ದವು. ಮುಂದಾಳು ಎತ್ತು ಗಾಡಿಗೆ ಮುಖ ಕೊಟ್ಟು ನೋಡುತ್ತಿತ್ತು. ಎಡಕ್ಕೆ ಕಲ್ಲು, ಬಲಕ್ಕೆ ಕಲ್ಲು. ನಡುವೆ ಮೊಣಕಾಲು ಮುಳುಗುವ ಒಣ ಹುಲ್ಲು. ಚಿನ್ನಯ್ಯನ ಕೈ ಕೀಲಿಯ ಮೇಲೆ ಹೋಗಿಯಾಗಿತ್ತು.

"ಲೇ! ಕೈ ತೆಗಿ!" ಎಂದು ಚೀರಿದರು ಚಂದ್ರಶೇಖರ್.

ದನಗಳ ಕೊರಳ ಗಂಟೆಯ ಸದ್ದು ಕೇಳಿ ಹಿಂದೆ ದೊಡ್ಡೀರಪ್ಪ ಕಣ್ಣು ತೆರೆದ. "ನಮ್ ದನ ಅಲ್ವೇನೋ? ಎಂಜಿನ್ ಬಂದ್ ಮಾಡೋ ಚಿನ್ನ. ಬೆದರ್ತಾವೆ. ಬಂದ್ ಮಾಡೋ."

ಅತ್ತ ದರಿ, ಇತ್ತ ಪುಲಿ. ಹುಟ್ಟಿದಾಗಿನಿಂದ ಅಣ್ಣನ ಮಾತು ಮೀರಿದವನಲ್ಲ ಚಿನ್ನಯ್ಯ. ಅಪ್ಪ ಸತ್ತ ಮೇಲೆ ಅಣ್ಣನೇ ಅಪ್ಪ. ದೇವರ ದನದ ಎದುರು, ಅದರ ಕಿಲಾರಿಯೇ ಹೇಳುತ್ತಿದ್ದಾನೆ.

"ಇಲ್ಲಣ್ಣ, ಮಾಡಲ್ಲ" ಎಂದ.

ಎಂಜಿನ್ ಓಡುತ್ತಿರಲು ಬಿಟ್ಟು ಕೆಳಗೆ ಹಾರಿದ. ಚಪ್ಪಲಿ ಗಾಡಿಯಲ್ಲೇ ಉಳಿದವು. ಚಿಕ್ಕಂದಿನಲ್ಲಿ ದನ ಹೊಡೆಯುವಾಗ ಕೂಗಿದ್ದ ಕೂಗು ಬಾಯಿಗೆ ಬಂತು.

"ಪದಾ... ಪದಾ... ಪದಾಪದಾ..."

ಮುಂದಾಳು ಎತ್ತು ಕಿವಿ ನಿಮಿರಿಸಿತು. ಕದಲಲಿಲ್ಲ. ಚಿನ್ನಯ್ಯ ಅದರ ಹತ್ತಿರ ಹೋಗಿ, ಕೊರಳ ಮೇಲೆ ಕೈಯಿಟ್ಟು, ಮತ್ತೆ ಕೂಗಿದ. ಎತ್ತು ಒಮ್ಮೆ ಉಸಿರುಬಿಟ್ಟು ತಿರುಗಿತು. ಮಲಗಿದ್ದವು ಎದ್ದವು. ಒಂದರ ಹಿಂದೊಂದು ದಿಬ್ಬ ಹತ್ತತೊಡಗಿದವು.

ಅಷ್ಟರಲ್ಲಿ ತೇಜಶ್ರೀ ಕೂಗಿದಳು.

"ಬೆಂಕಿ! ಕೆಳಗೆ ಬೆಂಕಿ!"

ಗಾಡಿಯ ಹೊಟ್ಟೆಯಡಿಯಿಂದ ಹೊಗೆ ಏಳುತ್ತಿತ್ತು. ಕೆಂಡವಾದ ಪೈಪಿಗೆ ತಾಗಿದ ಹುಲ್ಲು ಚಟಚಟ ಎಂದಿತು. ಚಂದ್ರಶೇಖರ್ ಬಾಗಿಲು ದೂಡಿ ಇಳಿದರು, ಕಂಬಳಿ ಎಳೆದುಕೊಂಡರು.

"ಗಾಡಿ ತಗಳ್ಳಲೇ ಮುಂದಕ್ಕೆ!"

"ಸಾವ್ಕಾರ್ರೇ, ನೀವು?"

"ನನ್ ಕಾಲು ಗಟ್ಟಿ ಅದಾವೆ! ನಡಿ!"

ಚಿನ್ನಯ್ಯ ಹತ್ತಿ ಕಾಲೊತ್ತಿದ. ಗಾಡಿ ಜಿಗಿದು ದಿಬ್ಬಗಳ ನಡುವಿನಿಂದ ಹೊರಬಿತ್ತು. ಕನ್ನಡಿಯಲ್ಲಿ ನೋಡಿದ. ಸಾವ್ಕಾರರು ಕಂಬಳಿ ಬೀಸಿ ಬಡಿಯುತ್ತಿದ್ದರು. ಚಿಕ್ಕೀರಪ್ಪ ತಂಗಡಿ ಬರಲು ಮುರಿದುಕೊಂಡು ಓಡಿ ಬರುತ್ತಿದ್ದ. ದನಗಳು ಬೋಳು ಕಲ್ಲಿನ ಕಡೆಗೆ ಓಡುತ್ತಿದ್ದವು. ಬೆಂಕಿ ಗಾಳಿಯ ಬೆನ್ನೇರಿ ಕಾವಲಿನ ಕಡೆಗೆ ಓಡುತ್ತಿತ್ತು. ಅವರಿಬ್ಬರಿಗಿಂತ ಬೆಂಕಿಯೇ ಮುಂದಿತ್ತು.

ಅವನಿಗೆ ತಿರುಗಿ ಹೋಗಬೇಕೆನಿಸಿತು. ಹೋಗಲಿಲ್ಲ.

ಟಾರ್ ಕಾಣುವ ಹೊತ್ತಿಗೆ ಒಂದು ವಿಚಿತ್ರ ನಡೆಯಿತು. ಕಿತ್ತಳೆ ದೀಪ ಆರಿತು. ಎಂಜಿನ್ನಿನ ದನಿ ತಿಳಿಯಾಯಿತು. ಎಷ್ಟೋ ತಿಂಗಳಿಂದ ಇಲ್ಲದ ಬಲ ಚಕ್ರಗಳಿಗೆ ಬಂದು ಗಾಡಿ ಮುನ್ನುಗ್ಗಿತು. ಯಾರೂ ನಡುವೆ ಬಂದ್ ಮಾಡದ ಕಾರಣಕ್ಕೆ ಮೊದಲ ಸಲ ಅದು ತನ್ನ ಮಸಿಯನ್ನು ಪೂರ್ತಿ ಸುಟ್ಟುಕೊಂಡಿತ್ತು. ಜೊತೆಗೆ ಕಾವಲನ್ನೂ ಸುಟ್ಟಿತ್ತು. ಚಿನ್ನಯ್ಯನಿಗೆ ಆ ಗಾಡಿಯ ಮೇಲೆ ಹುಟ್ಟಿದಷ್ಟು ಹೇಸಿಗೆ ಯಾವುದರ ಮೇಲೂ ಹುಟ್ಟಿರಲಿಲ್ಲ.

ಆಂಬ್ಯುಲೆನ್ಸಿನ ಬಾಗಿಲು ತೆರೆದೇ ಇತ್ತು.

ಜಿಲ್ಲಾಸ್ಪತ್ರೆಯಲ್ಲಿ ಆಪರೇಷನ್ ಆಯಿತು. ತೇಜಶ್ರೀ ತನ್ನದೇ ರಕ್ತ ಕೊಟ್ಟು, ಗೋಡೆಗೊರಗಿ ಕೂತಲ್ಲೇ ನಿದ್ದೆ ಹೋದಳು. "ಇನ್ನೂ ಸ್ವಲ್ಪ ತಡ ಆಗಿದ್ರೆ ನಮ್ಮ ಕೈಲಿರಲಿಲ್ಲ" ಎಂದರು ಡಾಕ್ಟರು. ಜೀವ ಉಳಿಯಿತು, ಕಾಲೂ ಉಳಿಯಿತು. ಆದರೆ ಆ ಕಾಲಿನಲ್ಲಿ ಇನ್ನು ಗುಡ್ಡ ಹತ್ತುವಂತಿಲ್ಲ.

ಮರುದಿನ ಬೆಳಿಗ್ಗೆ ಚಂದ್ರಶೇಖರ್ ಬಂದರು. ಎರಡೂ ಕೈಗೆ ಬ್ಯಾಂಡೇಜು. ಹುಬ್ಬು ಸುಟ್ಟು ಮುಖ ಬೇರೆ ಯಾರದೋ ಆಗಿತ್ತು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು. ದೊಡ್ಡೀರಪ್ಪ ಕಣ್ಣು ತೆರೆದು ಅವರನ್ನೇ ನೋಡಿದ.

"ದನ ಒಂದೂ ಹೋಗಿಲ್ಲ" ಎಂದರು ಚಂದ್ರಶೇಖರ್. "ಹಳ್ಳದ ಮರಳಿನ ತನಕ ಸುಟ್ಟು ಬೆಂಕಿ ತಾನೇ ನಿಂತ್ಕಂತು. ನಮ್ಮ ಕೈಲಿ ಆಗ್ಲಿಲ್ಲ ದೊಡ್ಡೀರಪ್ಪ. ಹುಲ್ಲು ಉಳೀಲಿಲ್ಲ."

ದೊಡ್ಡೀರಪ್ಪ ತಮ್ಮನ ಕಡೆ ತಿರುಗಿದ.

"ನಾನು ಬಂದ್ ಮಾಡು ಅಂದೆ."

"ಅಂದೆ ಅಣ್ಣ."

"ಮಾಡ್ಲಿಲ್ಲ ನೀನು."

"ಮಾಡ್ಲಿಲ್ಲ. ನೀನು ಬೇಕಾಗಿದ್ದೆ ನನಗೆ."

ಪಕ್ಕದ ಮಂಚದವರ ಟಿಫನ್ ಡಬ್ಬಿ ಸದ್ದು ಮಾಡಿತು.

"ಮುಂಗಾರು ಬೀಳೋಗಂಟ ದನ ಏನ್ ತಿಂತಾವೆ?" ಎಂದ ದೊಡ್ಡೀರಪ್ಪ. "ಗಡಿಯಾಚೆ ರಾಯದುರ್ಗದ ಕಡೆ ಹೊಡೀಬೇಕು. ಚಿಕ್ಕೀರಪ್ಪ ಒಬ್ಬನ ಕೈಲಾಗಲ್ಲ. ನಾನು ಹಿಂಗೆ ಬಿದ್ದೀನಿ."

ಚಿನ್ನಯ್ಯ ಜೇಬಿನಿಂದ ಗಾಡಿಯ ಕೀಲಿ ತೆಗೆದು ಸ್ಟೂಲಿನ ಅಂಚಿಗಿಟ್ಟ. ಚಂದ್ರಶೇಖರ್ ಅದನ್ನು ನೋಡಿದರು. ಎತ್ತಿಕೊಳ್ಳಲು ಅವರ ಬೆರಳು ಬಾಗುವಂತಿರಲಿಲ್ಲ.

"ನಾನು ಹೊಡ್ಕಂಡು ಹೋಗ್ತೀನಣ್ಣ" ಎಂದ ಚಿನ್ನಯ್ಯ.

"ನಿನಗೆ ಒಂದು ದನದ ಹೆಸರೂ ಗೊತ್ತಿಲ್ವಲ್ಲೋ."

"ಹೇಳ್ಕೊಡು."

ದೊಡ್ಡೀರಪ್ಪ ಕಣ್ಣು ಮುಚ್ಚಿಕೊಂಡ. ಸಣ್ಣ ದನಿಯಲ್ಲಿ ಮೊದಲನೆಯ ಎತ್ತಿನ ಹೆಸರು ಹೇಳಿದ. ಅದಕ್ಕೆ ಬಲಗಣ್ಣು ಮಂದ, ಬಲಗಡೆಯಿಂದ ಹೋಗಬೇಡ ಎಂದ. ಎರಡನೆಯದರ ಹೆಸರು ಹೇಳಿದ. ಅದು ಬೇರೆಯವು ಕುಡಿದ ಮೇಲೆಯೇ ನೀರು ಕುಡಿಯುವುದು, ಕಾಯಬೇಕು ಎಂದ. ಒಂದೊಂದು ಹೆಸರನ್ನೂ ಚಿನ್ನಯ್ಯ ಅವನ ಹಿಂದೆಯೇ ಹೇಳುತ್ತ ಹೋದ.